ಕೋಳಿಯ ರೆಕ್ಕೆಯೂ ಮನೆವಾರ್ತೆಯ ವಿವೇಕವೂ

ಹೆಣ್ಣುಮಕ್ಕಳಿಗೆ ಪ್ರೌಢಶಾಲೆಯಲ್ಲಿ ಪಾಕಶಾಸ್ತ್ರವನ್ನು ಕಲಿಸುವುದು ಕಾಲಹರಣವೆಂದು ಕೆಲವರು ಪೋಷಕರು ಹೇಳುವುದುಂಟು. ಅಡಿಗೆಯನ್ನು ತಾಯಿಯ ಬಳಿಯಲ್ಲಿಯೇ ಕಲಿಯಬಹುದಷ್ಟೆ ಎಂಬುದು ಅವರ ವಾದ. ನಮ್ಮ ಅಭಿಪ್ರಾಯವು ಬೇರೆಯಾಗಿರುತ್ತದೆ. ಅದನ್ನು ದೊಡ್ಡ ಮಾತುಗಳಿಂದ ಸಾಧಿಸದೆ, ಎಲ್ಲರೂ ಅಲ್ಪವೆಂದೆಣಿಸುವ ಕೋಳಿಯ ರೆಕ್ಕೆಯನ್ನೇ ಉದಾಹರಣೆಯಾಗಿ ತೆಗೆದುಕೊಂಡು ತೋರಿಸಲಪೇಕ್ಷಿಸುತ್ತೇವೆ.

ಅಮೇರಿಕಾ ದೇಶದ ನ್ಯೂಯಾರ್ಕ್ ಸಂಸ್ಥಾನದಲ್ಲಿ ಬಫಲೋ ಎಂಬ ಪಟ್ಟಣವಿದೆ. ಅಲ್ಲಿ ಆಂಕರ್ ಬಾರ್ ಎಂಬ ಭೋಜನಶಾಲೆಯನ್ನು ಪತಿಯೊಡನೆ ನಡಿಸುತ್ತಿದ್ದ ತೆರೆಸಾ ಬೆಲ್ಲಿಸಿಮೊ ಎಂಬಾಕೆಯು ೧೯೬೪ನೆಯ ಇಸವಿಯಲ್ಲಿ, ಸೂಪಿನ ರಸಕ್ಕೆ ಮಾತ್ರವೇ ತಕ್ಕವೆಂದು ಎಣಿಸಲ್ಪಟ್ಟಿದ್ದ ರೆಕ್ಕೆಗಳನ್ನು ಎಣ್ಣೆಯಲ್ಲಿ ಕರಿದು, ಬೆಣ್ಣೆ ಕೂಡಿಸಿದ ಮೆಣಸಿನಕಾಯಿಯ ಹುಳಿರಸದಲ್ಲಿ ಹೊರಳಿಸಿ, ಸೆಲರಿ ದಂಟಿನೊಡನೆ ಬಡಿಸಿದಳೆಂದು ಪ್ರತೀತಿ. ಅದೇ ಪಟ್ಟಣದಲ್ಲಿ, ಅದೇ ದಶಕದಲ್ಲಿ, ಜಾನ್ ಯಂಗ್ ಎಂಬ ಕರಿಯ ಜನಾಂಗದ ಗೃಹಸ್ಥನು ಹಿಟ್ಟು ಹಚ್ಚಿ ಕರಿದ ಇಡೀ ರೆಕ್ಕೆಗಳನ್ನು ತನ್ನದೇ ಆದ ರಸದೊಡನೆ ಮಾರುತ್ತಿದ್ದನು. ೧೯೭೭ನೆಯ ಜುಲೈ ೨೯ನ್ನು ಪಟ್ಟಣದವರು ಕೋಳಿರೆಕ್ಕೆಯ ದಿನವೆಂದು ಸಾರಿದರು. ಆದರೆ ಆ ಘೋಷಣೆಯಲ್ಲಿ ಹೊಗಳಿದ್ದು ಶ್ರೀಮಾನ್ ಬೆಲ್ಲಿಸಿಮೊ ಅವರ ಪ್ರಯೋಗವನ್ನು! ಒಲೆಯ ಮುಂದೆ ನಿಂತವಳ ಹೆಸರು ಹಿಂದಾಯಿತು. ಇದನ್ನು ನಮ್ಮ ವಾಚಕರು ನೆನಪಿನಲ್ಲಿಡತಕ್ಕದ್ದು.

ಇನ್ನು ಮಾಡುವ ಕ್ರಮ. ರೆಕ್ಕೆಯ ಸೊಗಸೆಲ್ಲವೂ ಚರ್ಮದಲ್ಲಿದೆ. ನಮ್ಮ ಕಡೆಯ ಅಂಗಡಿಗಳಲ್ಲಿ ಚರ್ಮವನ್ನು ಸುಲಿದುಕೊಡುವುದೇ ವಾಡಿಕೆಯಾದುದರಿಂದ, ಅದನ್ನು ಉಳಿಸುವಂತೆ ಮುಂಚಿತವಾಗಿಯೇ ಹೇಳಬೇಕು. ದುರ್ಗಂಧವಿರುವುದನ್ನೂ ಕೈಗೆ ಅಂಟುವುದನ್ನೂ ಕೊಳ್ಳಬಾರದು. ರೆಕ್ಕೆಗೆ ಮೂರು ಭಾಗಗಳುಂಟು. ಎಲುಬನ್ನು ಜಜ್ಜದೆ ಕೀಲಿನಲ್ಲಿಯೇ ಕೊಯ್ದು, ತುದಿಯನ್ನು ಸಾರಿಗೆ ಇಟ್ಟುಕೊಂಡು, ಮಿಕ್ಕ ಎರಡನ್ನು ಉಪಯೋಗಿಸಬೇಕು. ಹಸಿಮಾಂಸವನ್ನು ನಲ್ಲಿಯ ಕೆಳಗೆ ತೊಳೆಯುವ ಅಭ್ಯಾಸವನ್ನು ಬಿಡುವುದು ಲೇಸು. ಯಾಕಂದರೆ ಸಿಡಿಯುವ ಹನಿಗಳಿಂದ ರೋಗಾಣುಗಳು ಪಾತ್ರೆಗಳಿಗೂ ತರಕಾರಿಗೂ ಹರಡುತ್ತವೆ. ಅವುಗಳನ್ನು ಕೊಲ್ಲುವುದು ನೀರಲ್ಲ, ಬಿಸಿ. ಮಾಂಸದ ಒಳಭಾಗವು ೭೪ ಡಿಗ್ರಿ ಸೆಂಟಿಗ್ರೇಡಿಗೆ ಏರಿದರೆ ಭಯವಿಲ್ಲ. ರೆಕ್ಕೆಯಾದರೋ ೮೫ರ ಸಮೀಪಕ್ಕೆ ಬಂದಾಗಲೇ ಅದರ ನಾರು ಕರಗಿ ಮೃದುವಾಗುವುದು.

ಒದ್ದೆಯೇ ಗರಿಗರಿಗೆ ಶತ್ರು. ಆದುದರಿಂದ ತುಂಡುಗಳನ್ನು ಕಾಗದದಿಂದ ಚೆನ್ನಾಗಿ ಒತ್ತಿ ಒರಸಿ, ಉಪ್ಪು ಸವರಿ, ರೆಫ್ರಿಜರೇಟರಿನ ಕೆಳಗಣ ಅಂತಸ್ತಿನಲ್ಲಿ ಮುಚ್ಚದೆ ಒಂದು ರಾತ್ರಿ ಇಡಬೇಕು. ಮರುದಿನ ೧೯೦ ಡಿಗ್ರಿಯಷ್ಟು ಕಾದ ಎಣ್ಣೆಯಲ್ಲಿ, ಸ್ವಲ್ಪ ಸ್ವಲ್ಪವಾಗಿ ಹಾಕಿ, ಸುಮಾರು ೧೦ ನಿಮಿಷ ಕರಿಯಬೇಕು. ಒಮ್ಮೆಗೇ ಬಹಳವನ್ನು ಹಾಕಿದರೆ ಎಣ್ಣೆಯು ತಣಿದು, ರೆಕ್ಕೆಯು ಎಣ್ಣೆ ಕುಡಿಯುವುದು. ವಿನಿಗರಿನಲ್ಲಿ ನೆನೆದ ಬ್ಯಾಡಗಿ ಮೆಣಸಿನಕಾಯಿಯನ್ನು ಬೆಳ್ಳುಳ್ಳಿಯೊಡನೆ ನುಣ್ಣಗೆ ಅರೆದು, ಕರಗಿದ ಬೆಣ್ಣೆಯಲ್ಲಿ ಕುದಿಸಿದರೆ ನಮ್ಮ ನಾಡಿಗೊಪ್ಪುವ ರಸ ಸಿದ್ಧವಾಯಿತು. ಬಡಿಸುವ ಕ್ಷಣದಲ್ಲಿಯೇ ರೆಕ್ಕೆಗಳನ್ನು ಅದರಲ್ಲಿ ಹೊರಳಿಸತಕ್ಕದ್ದು; ಮೊದಲೇ ಮಾಡಿದರೆ ಮೆತ್ತಗಾಗುವುದು.

ಇಷ್ಟರಲ್ಲಿ ಆರೋಗ್ಯಶಾಸ್ತ್ರವೂ ಭೌತಶಾಸ್ತ್ರವೂ ಬಂದುವಲ್ಲವೆ? ಗಣಿತವೂ ಉಂಟು. ಒಂದು ಕೋಳಿಗೆ ಎರಡೇ ರೆಕ್ಕೆ, ಅವುಗಳಿಂದ ನಾಲ್ಕೇ ತುಂಡು. ಆರು ಮಂದಿಗೆ ತಲಾ ಎರಡು ತುಂಡು ಬಡಿಸಲು ಮೂರು ಕೋಳಿಗಳ ರೆಕ್ಕೆ ಬೇಕು. ಒಮ್ಮೆ ಕೇಳುವವರಿಲ್ಲದಿದ್ದ ಈ ಭಾಗವು ಅಮೇರಿಕಾದಲ್ಲಿ ಈಗ ಅಗ್ಗವಾಗಿ ಉಳಿಯದಿರುವುದಕ್ಕೆ ಕಾರಣವನ್ನು ನಮ್ಮ ಹುಡುಗಿಯರು ಈ ಲೆಕ್ಕದಿಂದಲೇ ತಿಳಿಯಬಲ್ಲರು.

ಆದರೆ ನಾವು ಮುಖ್ಯವಾಗಿ ಹೇಳಬೇಕಾದದ್ದು ಬೇರೊಂದಿದೆ. ನಮ್ಮ ಎಷ್ಟೋ ಮನೆಗಳಲ್ಲಿ ಕೋಳಿಸಾರು ಮಾಡಿದ ದಿನ ಕಾಲುಗಳು ಗಂಡಸರಿಗೂ ಗಂಡುಮಕ್ಕಳಿಗೂ ಹೋಗುತ್ತವೆ. ಕಡೆಗೆ ಪಾತ್ರೆಯ ತಳದಲ್ಲಿ ಉಳಿದ ಕತ್ತು, ರೆಕ್ಕೆಗಳು ಬೇಯಿಸಿದವಳ ಪಾಲು. ಇದನ್ನು ತ್ಯಾಗವೆಂದು ಹೊಗಳುವವರಿದ್ದಾರೆ. ಕೇಳದೆ ತೆಗೆದುಕೊಂಡದ್ದನ್ನು ತ್ಯಾಗವೆನ್ನುವುದು ನ್ಯಾಯವಲ್ಲ. ಬೆಳೆಯುವ ಹುಡುಗಿಗೂ ಹಾಲೂಡಿಸುವ ತಾಯಿಗೂ ಮಾಂಸದ ಸತ್ವವು ಇತರರಿಗಿಂತ ಕಡಿಮೆ ಬೇಕೆಂದು ಯಾವ ಶಾಸ್ತ್ರವೂ ಹೇಳುವುದಿಲ್ಲ.

ಆದಕಾರಣ ಪೋಷಕರಲ್ಲಿ ನಮ್ಮ ವಿಜ್ಞಾಪನೆಯೇನೆಂದರೆ: ಮಗಳಿಗೆ ಅಡಿಗೆಯನ್ನು ದಾಸ್ಯವಾಗಿ ಅಲ್ಲ, ವಿದ್ಯೆಯಾಗಿ ಕಲಿಸಿರಿ, ಮಗನಿಗೂ ಕಲಿಸಿರಿ. ಹಳೆಯ ವಿದ್ಯಾರ್ಥಿನಿಯರೇ, ಮುಂದಿನ ಸಾರಿ ಕೋಳಿ ಮಾಡಿದಾಗ ಎಲ್ಲರೂ ಒಟ್ಟಿಗೆ ಕುಳಿತುಕೊಳ್ಳಿರಿ, ಬಡಿಸುವ ಮುನ್ನವೇ ಸಮನಾಗಿ ಪಾಲುಮಾಡಿರಿ. ರೆಕ್ಕೆಯನ್ನು ಇಷ್ಟಪಟ್ಟು ಆರಿಸಿಕೊಂಡವಳಿಗೆ ಅದು ಭೋಜನ. ಉಳಿದದ್ದೆಂದು ತಿಂದವಳಿಗೆ ಅದು ಉಳಿಕೆಯೇ ಸರಿ.