ಉಪ್ಪು ನೀರಿಗೆ ಕಾಯ್ದೆ ಐತಿ, ಬೆಣ್ಣಿಹಳ್ಳಕ್ಕೆ?

ಕಲಘಟಗಿ ಕಡೆ ಸುರಿದ ಮಳೆ ಬೇಡ್ತಿ ಹೊಳೆಗೆ ಸೇರುತ್ತದೆ. ಅದು ಯಲ್ಲಾಪುರದ ಮಾಗೋಡಿನಲ್ಲಿ ಧುಮುಕಿ, ಮುಂದೆ ಗಂಗಾವಳಿ ಎಂಬ ಹೆಸರಿನಲ್ಲಿ ಅಂಕೋಲಾ ಮತ್ತು ಗೋಕರ್ಣದ ನಡುವೆ ಅರಬ್ಬಿ ಸಮುದ್ರ ಮುಟ್ಟುತ್ತದೆ. ಕುಂದಗೋಳ, ನವಲಗುಂದದ ಮಳೆಯ ದಾರಿ ಬೇರೆ. ಅದು ಬೆಣ್ಣಿಹಳ್ಳ ಹಿಡಿದು, ರೋಣ ತಾಲ್ಲೂಕಿನಲ್ಲಿ ಮಲಪ್ರಭೆಗೆ ಕೂಡಿ, ಕೃಷ್ಣೆಯ ಬೆನ್ನು ಹತ್ತಿ ಬಂಗಾಳ ಕೊಲ್ಲಿಗೆ ಹೋಗುತ್ತದೆ. ಒಂದೇ ಜಿಲ್ಲೆಯ ನೀರು, ಎರಡು ಸಮುದ್ರ.

ಸಿಟ್ಟಿಗೆದ್ದಾಗ ಎರಡೂ ನೀರು ಮನೆ ಕೆಡವುತ್ತವೆ. ಆದರೆ ಸಮುದ್ರದ ದಂಡೆಯಲ್ಲಿ ಮನೆ ಎಲ್ಲಿ ಕಟ್ಟಬೇಕು, ಬಂದರು ಎಲ್ಲಿ ಬರಬೇಕು ಎಂದು ಕೇಳಲಿಕ್ಕೆ ಒಂದು ಕಾಯ್ದೆ ಇದೆ, ಅಲ್ಲಿಯ ಜನರ ಮಾತು ಕೇಳಲೇಬೇಕು ಎಂಬ ನಿಯಮವೂ ಇದೆ. ನಮ್ಮ ಹಳ್ಳದ ದಂಡೆಗೆ ಅಂಥಾದ್ದು ಇಲ್ಲ.

ಕರಾವಳಿಯವರು ಸಿಆರ್‌ಝಡ್ ಅನ್ನುತ್ತಾರಲ್ಲ, ಅದೇ ಈ ಕಾಯ್ದೆ. ಕರಾವಳಿ ನಿಯಂತ್ರಣ ವಲಯ. 2011ರಲ್ಲಿ ಒಂದು ಅಧಿಸೂಚನೆ ಬಂತು, 2019ರಲ್ಲಿ ಇನ್ನೊಂದು. ಉಬ್ಬರದ ನೀರು ಏರುವ ಗೆರೆಯಿಂದ ಒಳಗೆ 500 ಮೀಟರ್ ತನಕ ಅದರ ಲೆಕ್ಕ. ಹಳ್ಳಿಗಾಡಿನಲ್ಲಿ ಆ ಗೆರೆಯಿಂದ 200 ಮೀಟರ್ ಒಳಗೆ ಹೊಸ ಕಟ್ಟಡ ಬೇಡ ಎಂದಿತ್ತು. ಜನ ದಟ್ಟವಾಗಿರುವ ಊರುಗಳಿಗೆ 2019ರಲ್ಲಿ ಅದನ್ನು 50 ಮೀಟರ್‌ಗೆ ಇಳಿಸಿದರು. ಹೊಳೆಯೊಳಗೆ ಉಬ್ಬರದ ನೀರು ಎಲ್ಲಿಯವರೆಗೆ ಏರುತ್ತದೋ ಅಲ್ಲಿಯವರೆಗೆ ಹೊಳೆಯ ದಂಡೆಗೂ ಕಾಯ್ದೆ ಬರುತ್ತದೆ. ಉಪ್ಪು ಮುಗಿದಲ್ಲಿ ಕಾಯ್ದೆಯೂ ಮುಗಿಯಿತು.

ಈ ಕಾಯ್ದೆಯಿಂದ ಅಲ್ಲಿಯವರು ಸುಖವಾಗಿದ್ದಾರೆ ಎಂದು ನಾನು ಹೇಳುತ್ತಿಲ್ಲ. ಬಡ ಮೀನುಗಾರ ತನ್ನ ಮನೆ ರಿಪೇರಿಗೆ ಪರವಾನಗಿ ಹುಡುಕಿಕೊಂಡು ಅಲೆಯುವಾಗ ಪಕ್ಕದಲ್ಲೇ ರೆಸಾರ್ಟ್ ಏಳುತ್ತದೆ ಎಂಬ ದೂರು ಹಳೆಯದು. ನನಗೆ ಬೇಕಾದದ್ದು ಅದರ ಒಂದು ತುಂಡು ಮಾತ್ರ, ಮೊದಲೇ ಕೇಳುವ ಪದ್ಧತಿ. 2025ರ ಆಗಸ್ಟ್‌ನಲ್ಲಿ ಕೇಣಿ ಬಂದರಿನ ವಿಷಯಕ್ಕೆ ಅಂಕೋಲಾದಲ್ಲಿ ಸಾರ್ವಜನಿಕ ಅಹವಾಲು ಸಭೆ ನಡೆಯಿತು. ಮೀನುಗಾರರು, ರೈತರು, ಹೆಣ್ಣುಮಕ್ಕಳು ಸಾವಿರಾರು ಮಂದಿ ಬಂದು ಬೇಡ ಎಂದರು. 2006ರ ಪರಿಸರ ಅಧಿಸೂಚನೆಯ ಪ್ರಕಾರ ಇಂಥ ಸಭೆಗೆ 30 ದಿನ ಮೊದಲೇ ನೋಟಿಸ್ ಕೊಡಬೇಕು, ಪೂರ್ತಿ ವಿಡಿಯೊ ಮಾಡಬೇಕು, ಜನ ಹೇಳಿದ್ದನ್ನು ಬರೆದು ಅವರ ಭಾಷೆಯಲ್ಲೇ ಓದಿ ಹೇಳಬೇಕು. ಬಂದರು ಬರುತ್ತದೋ ಬಿಡುತ್ತದೋ, ಅವರ ಮಾತು ಕಾಗದದ ಮೇಲೆ ಕೂತಿತು. ಅದೂ ಒಂದು ಕಲ್ಲು ಬೀಳುವ ಮೊದಲು.

ನಮ್ಮನ್ನು ಕೇಳುವುದು ಯಾವಾಗ? ಗ್ವಾಡಿ ಬಿದ್ದ ಮೇಲೆ.

2019ರ ಆಗಸ್ಟ್ ನೆನಪು ಮಾಡಿಕೊಳ್ಳಿ. ಬೆಣ್ಣಿಹಳ್ಳ, ತುಪ್ಪರಿಹಳ್ಳ ಎರಡೂ ಉಕ್ಕಿದವು. (ಬೆಣ್ಣಿ, ತುಪ್ಪ ಅಂತ ಹೆಸರಿಟ್ಟ ಹಿರಿಯರು ಬೇಸಿಗೆಯಲ್ಲಿ ನೋಡಿ ಹೆಸರಿಟ್ಟಿರಬೇಕು.) ಮಳೆ ನಿಂತ ಮೇಲೆ ಸರ್ವೆ ಶುರುವಾಯಿತು. ಮನೆಗಳಿಗೆ ಎ, ಬಿ, ಸಿ ಎಂದು ಅಕ್ಷರ ಹಚ್ಚಿದರು. ಪೂರ್ತಿ ಬಿದ್ದದ್ದು ಎ, ಅದಕ್ಕೆ 5 ಲಕ್ಷ. ಅಲ್ಪಸ್ವಲ್ಪ ಹಾನಿಯಾದದ್ದು ಸಿ, ಅದಕ್ಕೆ 50 ಸಾವಿರ. ಶಾಲೆ ಕಾಣದ ಅಜ್ಜಿಯಂದಿರೂ ಆ ವರ್ಷ ಇಂಗ್ಲಿಷ್ ಅಕ್ಷರ ಕಲಿತರು. ನಿಂದು ಯಾವ ಅಕ್ಷರ, ಅವಂದು ಯಾಕೆ ಎ, ನಂದು ಯಾಕೆ ಸಿ ಎಂಬುದೇ ಊರಿನ ಜಗಳವಾಯಿತು. ಮನೆ ಯಾಕೆ ಬಿತ್ತು ಎಂಬ ಪ್ರಶ್ನೆ ಆ ಗದ್ದಲದಲ್ಲಿ ಕಳೆದೇ ಹೋಯಿತು.

ನಮ್ಮ ಮಣ್ಣಿನ ಮನೆ ಬೀಳುವ ರೀತಿಯೇ ಬೇರೆ. ಎರಿ ಮಣ್ಣು ನೀರು ಕುಡಿದು ಉಬ್ಬುತ್ತದೆ, ಬಿಸಿಲಿಗೆ ಒಣಗಿ ಕುಗ್ಗುತ್ತದೆ. ಮಳೆಯಲ್ಲಿ ಗಟ್ಟಿ ನಿಂತ ಗ್ವಾಡಿ, ಬಿಸಿಲು ಬಿದ್ದ ಎಂಟತ್ತು ದಿನಕ್ಕೆ ಬಿರುಕು ಬಿಟ್ಟು ಒಂದು ರಾತ್ರಿ ಕುಸಿಯುತ್ತದೆ. ಅಷ್ಟರಲ್ಲಿ ಸರ್ವೆ ಮುಗಿದಿದ್ದರೆ ಆ ಮನೆ ಯಾವ ಅಕ್ಷರಕ್ಕೂ ಬರುವುದಿಲ್ಲ. ಇದು ಹಳ್ಳದ ದಂಡೆಯ ಯಾವ ಹೆಣ್ಣುಮಗಳಿಗೂ ಗೊತ್ತಿರುವ ಸಂಗತಿ. ಸರ್ವೆಯ ದಿನ ಗೊತ್ತು ಮಾಡುವ ಮೊದಲು ಅವಳನ್ನು ಯಾರು ಕೇಳುತ್ತಾರೆ?

ಇನ್ನು ಹೊಸ ಮನೆಯ ಮಾತು. ಬಸವ ವಸತಿ ಇರಲಿ, ಅಂಬೇಡ್ಕರ್ ನಿವಾಸ ಇರಲಿ, ಪ್ರಧಾನಮಂತ್ರಿ ಆವಾಸ್ ಇರಲಿ, ಬುನಾದಿಗೆ ಒಂದು, ಲಿಂಟಲ್‌ಗೆ ಒಂದು, ಛಾವಣಿಗೆ ಒಂದು ಜಿಪಿಎಸ್ ಫೋಟೊ ಕೇಳುತ್ತಾರೆ. ಫೋಟೊ ಸರಿ ಇದ್ದರೆ ಕಂತು ಬರುತ್ತದೆ. ಹಳ್ಳದ ನೀರು ಹಿಂದೆ ಎಲ್ಲಿಯವರೆಗೆ ಬಂದಿತ್ತು, ಈ ಬುನಾದಿ ಅದಕ್ಕಿಂತ ಮೇಲಿದೆಯೋ ಕೆಳಗಿದೆಯೋ ಎಂಬುದನ್ನು ಆ ಫೋಟೊ ಕೇಳುವುದಿಲ್ಲ. ಹೀಗಾಗಿ ಬಿದ್ದ ಜಾಗದಲ್ಲೇ, ಅದೇ ಎತ್ತರದಲ್ಲೇ ಮತ್ತೆ ಮನೆ ಏಳುತ್ತದೆ. ಸರಕಾರದ ಸಹಾಯಧನದ ಮೇಲೆ ನಮ್ಮ ಕೈಸಾಲವೂ ಅದರಲ್ಲಿ ಹೋಗಿರುತ್ತದೆ.

ಹಾಗಾದರೆ ಊರನ್ನೇ ಎತ್ತರಕ್ಕೆ ಒಯ್ಯಬೇಕೇ? ಅದೂ ಆಗಿದೆ. 2009ರ ನೆರೆಯ ನಂತರ ಉತ್ತರ ಕರ್ನಾಟಕದಲ್ಲಿ ಆಸರೆ ಮನೆಗಳನ್ನು ಕಟ್ಟಿದರು. ಹಲವು ಕಡೆ ಅವು ಖಾಲಿ ಬಿದ್ದವು. ಕಾರಣ ಹುಡುಕಲು ದೊಡ್ಡ ಸಮಿತಿ ಬೇಕಿಲ್ಲ. ಎತ್ತು ಎಲ್ಲಿ ಕಟ್ಟಬೇಕು? ಹೊಟ್ಟು, ಮೇವು ಎಲ್ಲಿ ಇಡಬೇಕು? ಕಡ್ಲಿ ಚೀಲ ಎಲ್ಲಿ ಒಟ್ಟಬೇಕು? ಹೊಲ ಎಷ್ಟು ದೂರ? ನಕ್ಷೆ ಬರೆಯುವ ಮೊದಲು ಈ ನಾಲ್ಕು ಮಾತು ಕೇಳಿದ್ದರೆ ಆ ಗ್ವಾಡಿಗಳ ನಡುವೆ ಜಾಲಿ ಬೆಳೆಯುತ್ತಿರಲಿಲ್ಲ.

ಜಾಲಿ ಅಂದಕೂಡಲೇ ಹಳ್ಳದ ಮಾತೂ ಬರುತ್ತದೆ. ಬೆಣ್ಣಿಹಳ್ಳದಲ್ಲಿ ಹೂಳು ತುಂಬಿದೆ, ಜಾಲಿಕಂಟಿ ಬೆಳೆದಿದೆ, ಪ್ರತಿ ಚುನಾವಣೆಯಲ್ಲಿ ಪರಮಶಿವಯ್ಯ ವರದಿಯ ಹೆಸರು ಮೈಕಿನಲ್ಲಿ ಕೇಳುತ್ತದೆ. ಇದೆಲ್ಲ ನಿಜ. ಆದರೆ ದಂಡೆಯ ತನಕ, ಕೆಲವು ಕಡೆ ಹಳ್ಳದ ಹೊಟ್ಟೆಯೊಳಗೇ ಕುಂಟೆ ಹೊಡೆದವರು ಬೆಂಗಳೂರಿನವರಲ್ಲ. ಹಳ್ಳ ಅಳತೆ ಮಾಡಿ ಗಡಿಕಲ್ಲು ಹಾಕಿ ಎಂದರೆ ಮೊದಲು ನಮ್ಮ ನಮ್ಮಲ್ಲೇ ಮುಖ ಕೆಡುತ್ತದೆ. ಹಾಗಂತ ಬಿಟ್ಟರೆ ಮೇಲಿನವನ ಬದು ಉಳಿಯುತ್ತದೆ, ಕೆಳಗಿನವನ ಮನೆ ಹೋಗುತ್ತದೆ.

ದನಿ ಎತ್ತುವುದು ನಮಗೆ ಗೊತ್ತಿಲ್ಲ ಎಂದು ಯಾರೂ ಹೇಳಲಾರರು. 1980ರ ಜುಲೈ 21ರಂದು ನವಲಗುಂದ, ನರಗುಂದದ ರೈತರು ಮಲಪ್ರಭೆಯ ಕರದ ವಿರುದ್ಧ ನಿಂತು ಗುಂಡಿಗೆ ಎದೆಯೊಡ್ಡಿದರು. ಮಹದಾಯಿಗಾಗಿ ವರ್ಷಗಟ್ಟಲೆ ಧರಣಿ ಕೂತವರು ನಾವು. 2016ರಲ್ಲಿ ಯಮನೂರಿನ ಮನೆಗಳಿಗೆ ನುಗ್ಗಿ ಪೊಲೀಸರು ಹೊಡೆದದ್ದನ್ನು ಇಡೀ ರಾಜ್ಯ ನೋಡಿತು. ಬೆಣ್ಣಿಹಳ್ಳದ ದಂಡೆಯ ಊರದು. ಬಾರದ ನೀರಿಗಾಗಿ ಅಷ್ಟು ಏಟು ತಿಂದ ಸೀಮೆ, ಬಂದು ಮನೆ ಹೊಗುವ ನೀರಿನ ಬಗ್ಗೆ ಗ್ರಾಮಸಭೆಯಲ್ಲಿ ಯಾಕೆ ಬಾಯಿ ಬಿಡುವುದಿಲ್ಲ?

ಗ್ರಾಮಸಭೆ ಎಂದರೆ ನಗುವವರಿದ್ದಾರೆ, ಗೊತ್ತು. ಡಂಗುರ ಒಂದು ಓಣಿಗೆ ಕೇಳುತ್ತದೆ, ಇನ್ನೊಂದಕ್ಕೆ ಕೇಳುವುದಿಲ್ಲ. ಹೋದವರು ಫಲಾನುಭವಿ ಪಟ್ಟಿಯಲ್ಲಿ ತಮ್ಮ ಹೆಸರು ಇದೆಯೋ ಇಲ್ಲವೋ ನೋಡಿ ಎದ್ದು ಬರುತ್ತಾರೆ. ಆದರೂ ನಮ್ಮ ಕೈಯಲ್ಲಿರುವುದು ಅದೊಂದೇ. 1993ರ ಪಂಚಾಯತ್ ರಾಜ್ ಕಾಯ್ದೆಯಂತೆ ಆರು ತಿಂಗಳಿಗೊಮ್ಮೆಯಾದರೂ ಅದು ಸೇರಲೇಬೇಕು. ವಸತಿ ಫಲಾನುಭವಿಗಳ ಆಯ್ಕೆ ಆಗಬೇಕಾದದ್ದೂ ಅಲ್ಲೇ. ಮನೆ ಯಾರಿಗೆ ಎಂಬ ಪ್ರಶ್ನೆ ಅಲ್ಲಿ ಬರುತ್ತದೆ ಎಂದಾದರೆ, ಮನೆ ಎಲ್ಲಿ, ಎಷ್ಟು ಎತ್ತರದಲ್ಲಿ ಎಂಬ ಪ್ರಶ್ನೆಯನ್ನೂ ಅಲ್ಲೇ ಎತ್ತಬಹುದು.

ಹಳ್ಳದ ಊರಿನವರು ಈ ಸಲ ಒಂದೇ ಕೆಲಸ ಮಾಡಿ. 2019ರಲ್ಲಿ ನೀರು ಎಲ್ಲಿಯವರೆಗೆ ಬಂದಿತ್ತು ಎಂಬುದು ಹಿರಿಯರಿಗೆ ನೆನಪಿರುವಾಗಲೇ ಗುಡಿಯ ಕಟ್ಟೆ, ಶಾಲೆಯ ಗೋಡೆ, ವಿದ್ಯುತ್ ಕಂಬದ ಮೇಲೆ ಗೆರೆ ಎಳೆಯಿರಿ. ಫೋಟೊ ತೆಗೆದುಕೊಳ್ಳಿ, ಫೋನು ಹೇಗೂ ಕೈಯಲ್ಲೇ ಇದೆ. ಈ ಗೆರೆಯ ಕೆಳಗೆ ಮಂಜೂರಾಗುವ ಮನೆಗೆ ಎತ್ತರದ ಬುನಾದಿಗೆ ಹೆಚ್ಚಿನ ಹಣ ಕೊಡಬೇಕು, ಇಲ್ಲವೇ ಊರ ಹತ್ತಿರವೇ ದನ ಕಟ್ಟುವಷ್ಟು ಜಾಗದ ನಿವೇಶನ ಕೊಡಬೇಕು ಎಂದು ಅರ್ಜಿ ಬರೆಯಿರಿ. ನೀರು ಇಳಿದ ಮೇಲೆ ಬೀಳುವ ಮನೆಗೆ ಎರಡನೇ ಸರ್ವೆ ಬೇಕು ಎಂಬುದನ್ನೂ ಸೇರಿಸಿ. ಹೆಣ್ಣುಮಕ್ಕಳ ಸಹಿ ಮೊದಲು ಹಾಕಿಸಿ, ನೀರು ಹೊಕ್ಕ ಮನೆ ತೊಳೆದವರು ಅವರು.

ಅರ್ಜಿ ಎರಡು ಪ್ರತಿ ಇರಲಿ. ಒಂದನ್ನು ಪಿಡಿಒಗೆ ಕೊಟ್ಟು, ಇನ್ನೊಂದರ ಮೇಲೆ ಮುಟ್ಟಿದ್ದಕ್ಕೆ ಸಹಿ, ಶಿಕ್ಕಾ, ತಾರೀಖು ಹಾಕಿಸಿಕೊಳ್ಳಿ. ಸಭೆಯಲ್ಲಿ ಓದಿಸಿ. ಠರಾವು ಪುಸ್ತಕದಲ್ಲಿ ಅದು ಬರೆಯುವ ತನಕ ಕುರ್ಚಿ ಬಿಟ್ಟು ಏಳಬೇಡಿ.