ಪಠ್ಯಕ್ಕೆ ಕಾಯಕದ ಕಸುವು

ಫರಂಗಿಪೇಟೆಯಲ್ಲಿ ನೇತ್ರಾವತಿಯ ದಡದಲ್ಲಿ ನಿಂತಾಗಲೆಲ್ಲ ನಮಗೆ ಅಂಬಿಗರ ಚೌಡಯ್ಯನವರ ಸ್ಮರಣೆಯಾಗುತ್ತದೆ. ಅವರು ದೋಣಿ ನಡೆಸಿದ್ದು ತುಂಗಭದ್ರೆಯಲ್ಲಿ. ಹೊಳೆ ಬೇರೆಯಾದರೂ ಹುಟ್ಟು ಹಾಕುವ ಕೈಯ ಅರಿವು ಒಂದೇ. ಅನುಭವ ಮಂಟಪದಲ್ಲಿ ಚಿಂತಿಸಿದ ತತ್ತ್ವ ಶರಣರೆಲ್ಲರಿಗೂ ಸಮಾನವಾದುದು. ಆದರೆ ಚೌಡಯ್ಯನವರು ಅದನ್ನು ತೊರೆ ದಾಟಿಸುವವನ ಮಾತಿನಲ್ಲಿ ಹೇಳಿದರು, ವೈದ್ಯ ಸಂಗಣ್ಣನವರು ವ್ಯಾಧಿ ಔಷಧಗಳ ಮಾತಿನಲ್ಲಿ ಹೇಳಿದರು. ವಿಷಯ ನಿಯತವಾಗಿತ್ತು, ಬೆಳಕು ಮಾತ್ರ ಅವರವರ ಕಾಯಕದಿಂದ ಬಂದಿತು.

ಇಂದಿನ ಅಧ್ಯಾಪಕರ ಸ್ಥಿತಿಯೂ ಇದಕ್ಕೆ ದೂರವಾದುದಲ್ಲ. ಪಠ್ಯಕ್ರಮವನ್ನು ಮಂಡಳಿಯೋ ವಿಶ್ವವಿದ್ಯಾಲಯವೋ ಗೊತ್ತುಪಡಿಸುತ್ತದೆ, ಪರೀಕ್ಷೆಯೂ ಅದರಂತೆಯೇ ನಡೆಯುತ್ತದೆ. ಅಧ್ಯಾಪಕರು ಅದರಲ್ಲಿ ಒಂದು ಅಧ್ಯಾಯವನ್ನೂ ಬಿಡುವಂತಿಲ್ಲ. ಆದರೆ ಆ ಅಧ್ಯಾಯಕ್ಕೆ ಉದಾಹರಣೆಯನ್ನು ಎಲ್ಲಿಂದ ತರಬೇಕೆಂದು ಯಾವ ಮಂಡಳಿಯೂ ವಿಧಿಸಿಲ್ಲ.

ನಾವು ಕೆಲಕಾಲ ಕಾಲೇಜೊಂದರಲ್ಲಿ ವಾಣಿಜ್ಯಶಾಸ್ತ್ರ ಬೋಧಿಸಿದವರು. ಸಹಕಾರಿ ಸಾಲದ ಪಾಠ ನಡೆಯುತ್ತಿದ್ದಾಗ ಅಡಿಕೆ ಬೆಳೆಗಾರರ ಮಗನೊಬ್ಬನು ಎದ್ದು ನಿಂತು, “ಕೊಳೆರೋಗ ಬಂದ ವರ್ಷ ಸೊಸೈಟಿಯ ಸಾಲವನ್ನು ಹೇಗೆ ಕಟ್ಟುವುದು?” ಎಂದು ಕೇಳಿದನು. ಅದು ಅವನ ಮನೆಯ ಪ್ರಶ್ನೆಯೆಂಬುದು ಮುಖ ನೋಡಿದರೆ ತಿಳಿಯುವಂತಿತ್ತು. ನಾವು ಪುಸ್ತಕದ ವ್ಯಾಖ್ಯೆಯನ್ನೇ ಮತ್ತೊಮ್ಮೆ ಓದಿ ಹೇಳಿದೆವು. ಸೊಸೈಟಿಯ ಮೆಟ್ಟಿಲನ್ನೇ ಹತ್ತದವರು ಬೇರೆ ಏನು ಹೇಳಿಯಾರು?

ಫರಂಗಿಪೇಟೆಯಿಂದ ಬಿ.ಸಿ. ರೋಡಿಗೆ ಹೋಗಿ ಎಡಕ್ಕೆ ಹೊರಳಿದರೆ ಬೆಳ್ತಂಗಡಿ, ಅದರಾಚೆ ಉಜಿರೆ. ಅಲ್ಲಿ 1982ರಲ್ಲಿ ಡಾ. ಡಿ. ವೀರೇಂದ್ರ ಹೆಗ್ಗಡೆಯವರ ಪ್ರೇರಣೆಯಿಂದ ರುಡ್‌ಸೆಟ್ ಸಂಸ್ಥೆ ಆರಂಭವಾಯಿತು. ಧರ್ಮಸ್ಥಳದೊಡನೆ ಸಿಂಡಿಕೇಟ್ ಬ್ಯಾಂಕ್ ಮತ್ತು ಕೆನರಾ ಬ್ಯಾಂಕುಗಳು ಕೈಜೋಡಿಸಿದ್ದವು. (ಆ ಎರಡು ಬ್ಯಾಂಕುಗಳು 2020ರಲ್ಲಿ ಒಂದಾದವು.) ನಿರುದ್ಯೋಗಿ ಯುವಜನರಿಗೆ ಊಟ ವಸತಿಗಳೊಡನೆ ಉಚಿತವಾಗಿ ಅಲ್ಪಾವಧಿಯ ತರಬೇತಿ ನೀಡುವುದು ಅದರ ಉದ್ದೇಶ. ಸಂಸ್ಥೆಯ ಹೊಣೆ ಹೊತ್ತವರು ಬ್ಯಾಂಕಿನಿಂದ ನಿಯೋಜಿತರಾದ ಅಧಿಕಾರಿಗಳು ಎಂಬುದೇ ಇಲ್ಲಿನ ವಿಶೇಷ. ಯೋಜನಾ ವರದಿ ಬರೆಯುವ ಕ್ರಮ ಯಾವ ಪುಸ್ತಕದಲ್ಲಾದರೂ ಸಿಕ್ಕೀತು. ಎಂತಹ ಅರ್ಜಿ ಏಕೆ ಮರಳಿ ಹೋಗುತ್ತದೆ, ಉತ್ಸಾಹದಿಂದ ತೆರೆದ ಅಂಗಡಿ ಎಷ್ಟನೆಯ ತಿಂಗಳಲ್ಲಿ ಬಂಡವಾಳವನ್ನೇ ತಿನ್ನತೊಡಗುತ್ತದೆ ಎಂಬುದನ್ನು ಸಾಲ ಕೊಟ್ಟು ವಸೂಲು ಮಾಡಿದವರೇ ಹೇಳಬೇಕು. ಕೇಂದ್ರ ಗ್ರಾಮೀಣಾಭಿವೃದ್ಧಿ ಸಚಿವಾಲಯವು 2009ರಿಂದ ಇದೇ ಮಾದರಿಯನ್ನು ದೇಶದ ಜಿಲ್ಲೆಗಳಿಗೆ ವಿಸ್ತರಿಸಿತು.

ವಿಶ್ವವಿದ್ಯಾಲಯ ಅನುದಾನ ಆಯೋಗವೂ 2022ರಲ್ಲಿ ವೃತ್ತಿಯಲ್ಲಿ ಕನಿಷ್ಠ 15 ವರ್ಷ ಪಳಗಿದವರನ್ನು, ಔಪಚಾರಿಕ ಪದವಿಯ ನಿರ್ಬಂಧವಿಲ್ಲದೆ, ಪ್ರಾಧ್ಯಾಪಕರನ್ನಾಗಿ ನೇಮಿಸಿಕೊಳ್ಳಲು ಅವಕಾಶ ಮಾಡಿತು. ಮಂಜೂರಾದ ಹುದ್ದೆಗಳ ಶೇಕಡಾ 10ನ್ನು ಮೀರಬಾರದೆಂಬುದು ಅದರ ಕಟ್ಟಳೆ. ಒಳ್ಳೆಯದೇ, ಆದರೆ ಹೈಸ್ಕೂಲಿಗೆ ನಿವೃತ್ತ ಲೈನ್‌ಮನ್ನರನ್ನೋ ದಾದಿಯನ್ನೋ ಒಂದು ಗಂಟೆಯ ಮಟ್ಟಿಗೆ ಕರೆಯಲು ಆಯೋಗದ ಅಪ್ಪಣೆ ಬೇಕಿಲ್ಲ. ನಮ್ಮ ಮಠಗಳ ಪ್ರಸಾದ ನಿಲಯಗಳಲ್ಲಿ ಬೆಳೆದು ವೃತ್ತಿ ಹಿಡಿದವರು ಊರೂರಿನಲ್ಲಿದ್ದಾರೆ.

ಅನುಭವವುಳ್ಳವರೆಲ್ಲರೂ ಒಳ್ಳೆಯ ಬೋಧಕರೆಂದು ಮಾತ್ರ ನಾವು ಹೇಳಲಾರೆವು. ತಮ್ಮ ಪ್ರತಾಪವನ್ನೇ ಬಣ್ಣಿಸುತ್ತ ಗಂಟೆ ಕಳೆಯುವವರೂ ಉಂಟು. ಪಾಪ, ಮಕ್ಕಳು ನಕ್ಕು ಎದ್ದು ಹೋಗುತ್ತಾರೆ, ಪರೀಕ್ಷೆಯಲ್ಲಿ ಅಳುತ್ತಾರೆ. ಹೇಳುವ ಪ್ರಸಂಗ ಪಾಠದ ಯಾವ ಅಂಶಕ್ಕೆ ಸಲ್ಲುತ್ತದೆಂದು ಮೊದಲೇ ಗೊತ್ತುಮಾಡಿಕೊಂಡು, ಹತ್ತು ನಿಮಿಷದೊಳಗೆ ಪುಸ್ತಕಕ್ಕೆ ಮರಳಬೇಕು. ಗೆದ್ದ ಕಥೆಗಿಂತ ಸೋತ ಕಥೆ, ಅದೂ ಲೆಕ್ಕದ ಅಂಕಿಗಳೊಡನೆ, ಹೆಚ್ಚು ಕಲಿಸುತ್ತದೆ. ವೈದ್ಯರಾಗಲಿ ವಕೀಲರಾಗಲಿ ತಮ್ಮನ್ನು ನಂಬಿ ಬಂದವರ ಹೆಸರನ್ನು ತರಗತಿಯಲ್ಲಿ ಎತ್ತಲಾಗದು.

ಕೊಳೆರೋಗದ ಆ ಪ್ರಶ್ನೆಗೆ ಉತ್ತರ ದೊರೆತದ್ದು ಎಷ್ಟೋ ವರ್ಷಗಳ ಮೇಲೆ, ಸೊಸೈಟಿಯ ನಿವೃತ್ತ ಕಾರ್ಯದರ್ಶಿಯೊಬ್ಬರ ಮನೆಯ ಜಗಲಿಯಲ್ಲಿ. ಪ್ರಕೃತಿ ವಿಕೋಪದಿಂದ ಬೆಳೆ ನಷ್ಟವಾಯಿತೆಂದು ಸರಕಾರ ಘೋಷಿಸಿದಾಗ ಅಲ್ಪಾವಧಿ ಬೆಳೆಸಾಲವನ್ನು ಮಧ್ಯಮಾವಧಿ ಸಾಲವಾಗಿ ಪರಿವರ್ತಿಸಿ, ಕಂತುಗಳಲ್ಲಿ ತೀರಿಸಲು ಬಿಡುವ ಕ್ರಮವುಂಟೆಂದು ಅವರು ಎಲೆಯಡಿಕೆ ಹಾಕಿಕೊಳ್ಳುತ್ತಲೇ ತಿಳಿಸಿದರು. ಅಲ್ಪಾವಧಿ, ಮಧ್ಯಮಾವಧಿ ಎಂಬ ಎರಡು ಶಬ್ದಗಳೂ ನಮ್ಮ ಪಠ್ಯದಲ್ಲಿದ್ದವು. ವರ್ಷ ವರ್ಷವೂ ನಾವೇ ಅವನ್ನು ಕರಿಹಲಗೆಯ ಮೇಲೆ ಬರೆದಿದ್ದೆವು. ಆ ಹುಡುಗನು ಅಷ್ಟರಲ್ಲಿ ಕಾಲೇಜು ಬಿಟ್ಟು ಬಹಳ ಕಾಲವಾಗಿತ್ತು.