ಗೋಡೆಯಲ್ಲಿ ಇನ್ನೊಂದು ಪ್ಲಗ್: ಅಗ್ಗದ ಕೆಲಸ, ದುಬಾರಿ ಅಪಾಯ

ಮನೆಗೊಂದು ಹೊಸ ಪ್ಲಗ್ ಪಾಯಿಂಟ್ ಬೇಕೆಂದರೆ ಗಡಿನಾಡಿನ ಹಳ್ಳಿಗಳಲ್ಲಿ ಅದನ್ನು ಯಾರೂ ದೊಡ್ಡ ಕೆಲಸವೆಂದು ಎಣಿಸುವುದಿಲ್ಲ. ಪೇಟೆಯಿಂದ ಬರುವಾಗ ಒಂದು ಸಾಕೆಟ್, ಒಂದು ಸ್ವಿಚ್, ನಾಲ್ಕು ಮೀಟರ್ ವಯರ್ ತಂದರಾಯಿತು. 'ಸ್ವಲ್ಪ ಕರೆಂಟಿನ ಕೆಲಸ ಗೊತ್ತಿರುವ' ಒಬ್ಬರು ಊರಲ್ಲಿ ಇದ್ದೇ ಇರುತ್ತಾರೆ. ಹತ್ತಿರದ ಲೈಟಿನ ಬೋರ್ಡಿನಿಂದ ವಯರ್ ಎಳೆದು ಅರ್ಧ ಗಂಟೆಯಲ್ಲಿ ಕೆಲಸ ಮುಗಿಸುತ್ತಾರೆ. ಮಿಕ್ಸಿ ತಿರುಗಿದರೆ ಎಲ್ಲವೂ ಸರಿ ಎಂದು ಲೆಕ್ಕ. ಯಾರಾದರೂ ಸಂಶಯ ಎತ್ತಿದರೆ, "ಅದಕ್ಕೆಂತ ಆಗ್ತದೆ ಮಾರಾಯ್ರೇ" ಎಂಬ ಉತ್ತರ ಸಿದ್ಧವಾಗಿರುತ್ತದೆ. ಆಗುವುದು ಏನು ಎಂಬುದನ್ನು ಮೊದಲೇ ತಿಳಿದುಕೊಳ್ಳುವುದು ಒಳ್ಳೆಯದು.

ಮಂಜೇಶ್ವರ, ಕಾಸರಗೋಡು ತಾಲೂಕುಗಳ ಅನೇಕ ಹಳೇ ಹಂಚಿನ ಮನೆಗಳಿಗೆ ವಯರಿಂಗ್ ಮಾಡಿದ್ದು ನಾಲ್ಕು ಬಲ್ಬು, ಎರಡು ಫ್ಯಾನು, ಒಂದು ಟಿ.ವಿ.ಯ ಕಾಲದಲ್ಲಿ. ಇಂದು ಅದೇ ವಯರಿಗೆ ಫ್ರಿಜ್, ವಾಷಿಂಗ್ ಮೆಶಿನ್, ಇಂಡಕ್ಷನ್ ಒಲೆ, ಗೀಸರ್‌ಗಳ ಭಾರ ಬಿದ್ದಿದೆ. ಕೆಲವು ಮನೆಗಳಲ್ಲಿ ಕರೆಂಟಿನ ಸ್ಕೂಟರ್ ಕೂಡಾ ಸೇರಿಕೊಂಡಿದೆ. ಲೆಕ್ಕ ಸರಳ. ನಮ್ಮಲ್ಲಿ ಮನೆಗೆ ಬರುವ ಕರೆಂಟು 230 ವೋಲ್ಟ್. 6 ಆಂಪಿಯರ್‌ನ ಸಣ್ಣ ಸಾಕೆಟ್ ತಡೆಯುವುದು ಹೆಚ್ಚೆಂದರೆ 1,380 ವಾಟ್. 2,000 ವಾಟ್‌ನ ಗೀಸರ್ ಅಥವಾ ಇಂಡಕ್ಷನ್ ಒಲೆ ಸುಮಾರು 8.7 ಆಂಪಿಯರ್ ಎಳೆಯುತ್ತದೆ. ಅದಕ್ಕೆ 16 ಆಂಪಿಯರ್‌ನ ಪವರ್ ಸಾಕೆಟ್ ಬೇಕು, ಮೈನ್ ಬೋರ್ಡಿನಿಂದಲೇ ಪ್ರತ್ಯೇಕವಾಗಿ ಬರುವ ದಪ್ಪ ವಯರ್ ಬೇಕು. ಲೈಟಿನ ತೆಳು ವಯರಿಗೆ ದೊಡ್ಡ ಸಾಕೆಟ್ ಜೋಡಿಸಿದ ಮಾತ್ರಕ್ಕೆ ವಯರ್ ದಪ್ಪವಾಗುವುದಿಲ್ಲ. ಅದು ಗೋಡೆಯೊಳಗೆ, ಮಾಡಿನ ಮರದ ಸಂದಿಯಲ್ಲಿ ಯಾರಿಗೂ ಕಾಣದಂತೆ ಬಿಸಿಯಾಗುತ್ತಾ ಇರುತ್ತದೆ.

ಇದಕ್ಕಿಂತ ದೊಡ್ಡ ಅಪಾಯ ಅರ್ಥಿಂಗ್‌ನದ್ದು. ಪ್ಲಗ್ಗಿನ ಮೂರು ಕಾಲುಗಳಲ್ಲಿ ದಪ್ಪನೆಯದು ಅರ್ಥ್. ಅದರ ವಯರ್ ಮನೆಯ ಹೊರಗೆ ನೆಲದಲ್ಲಿ ಹುಗಿದ ಅರ್ಥಿಂಗ್‌ಗೆ ಹೋಗಿ ಸೇರಬೇಕು. ಅಷ್ಟು ದೂರ ವಯರ್ ಎಳೆಯಲು ಉದಾಸೀನ ಮಾಡುವವರು ಆ ತೂತನ್ನು ಖಾಲಿ ಬಿಡುತ್ತಾರೆ, ಇಲ್ಲವೇ ಸಾಕೆಟಿನ ಹಿಂದೆ ಒಂದು ತುಂಡು ವಯರ್ ಹಾಕಿ ಅರ್ಥನ್ನು ನ್ಯೂಟ್ರಲ್‌ಗೇ ಸೇರಿಸಿಬಿಡುತ್ತಾರೆ. ಮಿಕ್ಸಿ ಆಗಲೂ ತಿರುಗುತ್ತದೆ. ಆದರೆ ಎಲ್ಲೋ ನ್ಯೂಟ್ರಲ್ ತುಂಡಾದ ದಿನ ವಾಷಿಂಗ್ ಮೆಶಿನ್ನಿನ ತಗಡಿಗೆ, ಫ್ರಿಜ್ಜಿನ ಬಾಗಿಲಿಗೆ ನೇರವಾಗಿ ಕರೆಂಟು ಬಂದು ನಿಲ್ಲುತ್ತದೆ. ಮೊದಲು ಮುಟ್ಟುವವರು ಮನೆಯ ಹೆಂಗಸರು, ಮಕ್ಕಳು.

"ಮನೆಯಲ್ಲಿ ಎಂಸಿಬಿ ಇದೆ, ಹೆದರಿಕೆ ಇಲ್ಲ" ಎನ್ನುವವರಿದ್ದಾರೆ. ಎಂಸಿಬಿ ಕಾಯುವುದು ವಯರನ್ನು, ಮನುಷ್ಯನನ್ನಲ್ಲ. ಅದು ಬೀಳಬೇಕಾದರೆ ಹಲವು ಆಂಪಿಯರ್ ಹರಿಯಬೇಕು, ಮನುಷ್ಯನ ಪ್ರಾಣ ಹೋಗಲು ಅದರ ನೂರನೇ ಒಂದು ಭಾಗದಷ್ಟು ಕರೆಂಟೂ ಸಾಕು. ಮನುಷ್ಯನನ್ನು ಕಾಯುವ ಸಾಧನ ಆರ್‌ಸಿಸಿಬಿ. ಹಳೇ ರೂಢಿಯಲ್ಲಿ ಎಲ್ಲರೂ ಇಎಲ್‌ಸಿಬಿ ಎನ್ನುತ್ತಾರೆ. ಕರೆಂಟು ದಾರಿ ತಪ್ಪಿ 30 ಮಿಲಿ ಆಂಪಿಯರ್‌ನಷ್ಟು ನೆಲಕ್ಕೆ ಸೋರಿದರೂ ಅದು ಕ್ಷಣದೊಳಗೆ ಕಡಿದುಹಾಕುತ್ತದೆ. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರ್ ಮೀರಿ ಮಳೆ ಸುರಿಯುವ, ಮುರಕಲ್ಲಿನ ಗೋಡೆಗಳು ತಿಂಗಳುಗಟ್ಟಲೆ ಒದ್ದೆಯಾಗಿರುವ ಈ ನಾಡಿನಲ್ಲಿ ಅದಿಲ್ಲದ ಮನೆ ಇರಬಾರದು. ಇದ್ದವರು ತಿಂಗಳಿಗೊಮ್ಮೆ ಅದರ 'ಟೆಸ್ಟ್' ಗುಂಡಿ ಒತ್ತಿ ನೋಡಬೇಕು. ಒತ್ತಿದಾಗ ಬೀಳದಿದ್ದರೆ ಅದು ಇದ್ದೂ ಇಲ್ಲದ ಹಾಗೆ.

ಕಾನೂನು ಈ ವಿಷಯದಲ್ಲಿ ಸ್ಪಷ್ಟವಾಗಿದೆ. ಬಲ್ಬು, ಫ್ಯೂಸ್, ಸ್ವಿಚ್ ಹಾಳಾದರೆ ಅಂಥದ್ದೇ ಇನ್ನೊಂದನ್ನು ಮನೆಯವರು ಹಾಕಿಕೊಳ್ಳಬಹುದು. ಆದರೆ ವಯರಿಂಗಿಗೆ ಹೊಸತಾಗಿ ಸೇರಿಸುವ, ಬದಲಿಸುವ ಯಾವ ಕೆಲಸವನ್ನೂ ಲೈಸೆನ್ಸ್ ಪಡೆದ ಕಂಟ್ರಾಕ್ಟರರ ಮೂಲಕ, ಪರ್ಮಿಟ್ ಇರುವ ವಯರ್‌ಮ್ಯಾನ್‌ನಿಂದಲೇ ಮಾಡಿಸಬೇಕೆಂದು ಕೇಂದ್ರ ವಿದ್ಯುತ್ ಪ್ರಾಧಿಕಾರದ 2010ರ ಸುರಕ್ಷಾ ನಿಯಮಗಳು ವಿಧಿಸಿದ್ದವು. ಕೇರಳದಲ್ಲಿ ಪರ್ಮಿಟ್ ಕೊಡುವುದು ರಾಜ್ಯ ಇಲೆಕ್ಟ್ರಿಸಿಟಿ ಲೈಸೆನ್ಸಿಂಗ್ ಬೋರ್ಡ್. ಕೆಲಸಕ್ಕೆ ಬಂದವರಲ್ಲಿ ಪರ್ಮಿಟ್ ಇದೆಯೋ ಎಂದು ಕೇಳುವುದು ಅವಮಾನ ಮಾಡಿದಂತಲ್ಲ. ಊರಿನ ಪರಿಚಯದವರು ಎಂಬ ದಾಕ್ಷಿಣ್ಯ ಇಲ್ಲಿ ಬೇಡ.

ಕನ್ನಡದ ಮನೆಗಳಿಗೆ ಇನ್ನೊಂದು ತೊಡಕಿದೆ. ಸುರಕ್ಷತೆಯ ಸೂಚನೆ, ಅರ್ಜಿ, ಲೋಡ್ ಹೆಚ್ಚಿಸುವ ಫಾರಂ ಮಲಯಾಳದಲ್ಲೋ ಇಂಗ್ಲಿಷಿನಲ್ಲೋ ಕೈಗೆ ಬಂದಾಗ, ಕನ್ನಡ ಮಾತ್ರ ಓದಬಲ್ಲ ಹಿರಿಯರು ಕಚೇರಿಯ ಮೆಟ್ಟಿಲು ಹತ್ತುವುದಕ್ಕಿಂತ ನೆರೆಮನೆಯ ಅರೆಬರೆ ಕೆಲಸಗಾರನೇ ಸಾಕೆನ್ನುತ್ತಾರೆ. ಭಾಷೆಯ ಹಕ್ಕು ಶಾಲೆ, ಕೋರ್ಟುಗಳಿಗೆ ಮಾತ್ರ ಸೇರಿದ್ದಲ್ಲ, ಜೀವ ಉಳಿಸುವ ಮಾಹಿತಿಗೂ ಅದು ಅನ್ವಯಿಸಬೇಕು. ಕುಂದುಕೊರತೆಯ ಮನವಿಯನ್ನು ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಸಲ್ಲಿಸಲು ಸಂವಿಧಾನದ 350ನೇ ವಿಧಿ ಅವಕಾಶ ಕೊಟ್ಟಿದೆ. ಸೆಕ್ಷನ್ ಕಚೇರಿಗಳು ಮಳೆಗಾಲಕ್ಕೆ ಮೊದಲು ಒಂದು ಪುಟದ ಕನ್ನಡ ಸೂಚನೆಯನ್ನು ಮನೆಮನೆಗೆ ತಲಪಿಸಿದರೆ ದೊಡ್ಡ ಖರ್ಚೇನೂ ಇಲ್ಲ. ಪಂಚಾಯತು, ಕನ್ನಡ ಸಂಘ, ವಾಚನಾಲಯಗಳು ಪರ್ಮಿಟ್ ಇರುವ ವಯರ್‌ಮ್ಯಾನ್‌ಗಳ ಪಟ್ಟಿಯನ್ನು ಕನ್ನಡದಲ್ಲಿ ತೂಗುಹಾಕಬಹುದು.

ಅಲ್ಲಿಯವರೆಗೆ ಮನೆಯವರೇ ನಾಲ್ಕು ಪ್ರಶ್ನೆ ಕೇಳಲಿ: ವಯರ್ ಎಲ್ಲಿಂದ ಬರುತ್ತದೆ? ಅದರ ದಪ್ಪ ಸಾಕೋ? ಅರ್ಥ್ ಎಲ್ಲಿ ಹೋಗಿ ಸೇರುತ್ತದೆ? ಇಎಲ್‌ಸಿಬಿಯ ಗುಂಡಿ ಒತ್ತಿದರೆ ಬೀಳುತ್ತದೋ? ನಾಲ್ಕಕ್ಕೂ ಸರಿಯಾದ ಉತ್ತರ ಸಿಗುವವರೆಗೆ ಹೊಸ ಪ್ಲಗ್ಗಿಗೆ ಏನನ್ನೂ ಚುಚ್ಚದಿರುವುದೇ ಲೇಸು.